ಲಾವಾಕ್ಕೆ ಬಿಟ್ಟ ಏಳು ಅಂಕಣ

ಉರಿಕುರ್ವೆಯಲ್ಲಿ ಬೆಟ್ಟ ಯಾವಾಗ ಬಾಯಿ ಬಿಡುತ್ತದೆ ಎಂಬುದು ಶಾಲೆಯ ಮಕ್ಕಳಿಗೂ ಬಾಯಿಪಾಠವಾಗಿತ್ತು. ಮಾರ್ಚ್ ಹದಿನೇಳು, ಮಂಗಳವಾರ, ಬೆಳಿಗ್ಗೆ ಒಂಬತ್ತು ಗಂಟೆ ಇಪ್ಪತ್ತು ನಿಮಿಷ. ಐದು ನಿಮಿಷ ಆಚೆ ಈಚೆ ಆಗಬಹುದು, ಅಷ್ಟೇ.

ಆಕಾಶದಿಂದ ಹಗಲಿರುಳು ಸುರಿಯುವ ಸೂಕ್ಷ್ಮ ಕಣಗಳು ನಮ್ಮ ಮೈಯನ್ನೂ ಬಂಡೆಯನ್ನೂ ಒಂದೇ ಸಮ ತೂರಿಕೊಂಡು ಹೋಗುತ್ತಿರುತ್ತವೆ. ಬೆಟ್ಟದ ಒಂದು ಮಗ್ಗುಲಲ್ಲಿ ಹೊಕ್ಕ ಕಣಗಳಲ್ಲಿ ಎಷ್ಟು ಇನ್ನೊಂದು ಮಗ್ಗುಲಿಗೆ ಬಂದವು ಎಂದು ಎಣಿಸಿದರೆ, ಒಳಗೆ ಎಲ್ಲಿ ಗಟ್ಟಿ ಕಲ್ಲಿದೆ, ಎಲ್ಲಿ ಕರಗಿದ ಕಲ್ಲಿದೆ ಎಂಬುದು ಎಕ್ಸ್-ರೇ ಚಿತ್ರದ ಹಾಗೆ ಕಾಣುತ್ತದೆ. ಅಲ್ಲಿನ ವೀಕ್ಷಣಾಲಯದವರು ಹನ್ನೊಂದು ವರ್ಷ ಹೀಗೆ ಎಣಿಸಿ ಎಣಿಸಿ, ಕರಗಿದ ಕಲ್ಲು ಮೇಲೇರುವ ವೇಗದ ಲೆಕ್ಕ ಹಿಡಿದಿದ್ದರು. ಆ ಲೆಕ್ಕದ ಯಂತ್ರವನ್ನು ಜನ ‘ಗಡಿಯಾರ’ ಎಂದೇ ಕರೆಯುತ್ತಿದ್ದರು. ಹಿಂದೆ ಎರಡು ಸಲ ಬೆಟ್ಟ ಸಣ್ಣದಾಗಿ ಕೆಮ್ಮಿದಾಗಲೂ ಗಡಿಯಾರದ ಮಾತು ತಪ್ಪಿರಲಿಲ್ಲ.

ಹೊತ್ತು ಗೊತ್ತಾದ ಮೇಲೆ ಹೆದರಿಕೆ ಅರ್ಧ ಇಳಿದು, ಆ ಜಾಗದಲ್ಲಿ ಒಂದು ಬಗೆಯ ಸಡಗರ ಬಂದು ಕೂತಿತು. ಏಳನೇ ತರಗತಿಯ ಪರೀಕ್ಷೆಯನ್ನು ಒಂದು ವಾರ ಮೊದಲೇ ಮುಗಿಸಿದರು. ಮಂಗಳವಾರ ಹೇಗೂ ಬಾಗಿಲು ಹಾಕುವ ಕ್ಷೌರದಂಗಡಿಯವನು ಈ ಸಲದ ರಜೆ ಬೆಟ್ಟದ ಪ್ರಯುಕ್ತ ಎಂದು ಬೋರ್ಡು ಬರೆಸಿದ. ಒಬ್ಬರು ಮಗಳ ಮದುವೆಯನ್ನು ಇಪ್ಪತ್ತೆರಡಕ್ಕೆ ಇಟ್ಟುಕೊಂಡರು. ಹಡಗಿನಲ್ಲಿ ಬರುವ ನೆಂಟರಿಗೆ ಮದುವೆಯೂ ಆಯಿತು, ಬಿಸಿ ಆರದ ಲಾವಾ ನೋಡಿದಂತೆಯೂ ಆಯಿತು.

ಕುರ್ವೆ ಎಂದರೆ ನಡುಗಡ್ಡೆ. ಮೂವತ್ತು ವರ್ಷದ ಹಿಂದೆ ಅಂಕೋಲೆಯ ಕಡೆಯ ಒಂದು ಮೀನುಗಾರರ ಊರನ್ನು ಕಡಲು ನುಂಗಿದಾಗ, ಅಲ್ಲಿನ ಐವತ್ತೊಂಬತ್ತು ಮನೆಯವರನ್ನು ಅಂಡಮಾನಿನ ಆಚೆಯ ಈ ದ್ವೀಪಕ್ಕೆ ತಂದು ನೆಲೆಗೊಳಿಸಿದ್ದರು. ದ್ವೀಪದ ನಡುವೆ ಹೊಗೆಯಾಡುವ ಬೆಟ್ಟ ಇದ್ದದ್ದರಿಂದ ಅದಕ್ಕೆ ಉರಿಕುರ್ವೆ ಎಂದು ಹೆಸರಿಟ್ಟವರು ಅವರೇ.

ಆ ಬೆಟ್ಟದ ಅರ್ಧ ಎತ್ತರದಲ್ಲಿ ಜ್ವಾಲಾಮುಖಿ ನೋಡಲು ಬರುವವರಿಗಾಗಿ ಒಂದು ಸಂದರ್ಶಕರ ಕೇಂದ್ರವಿತ್ತು. ಅದರ ಪ್ರದರ್ಶನವನ್ನೆಲ್ಲ ಹೊಸದು ಮಾಡಲು ಕಸ್ತೂರಿ ಚಿತ್ರಗಾರ ಡಿಸೆಂಬರಿನಲ್ಲೇ ಬಂದಿದ್ದಳು. ಕೊಪ್ಪಳದ ಹತ್ತಿರದ ಕಿನ್ನಾಳದವಳು, ಗೊಂಬೆ ಮಾಡುವ ಮನೆತನ. ಮರದ ಹೊಟ್ಟು, ಗೋಣಿನಾರು, ಹುಣಸೆ ಬೀಜದ ಅಂಟು ಕಲಸಿ ಮಾಡುವ ಕಿಟ್ಟವನ್ನು ಎಂಟನೇ ವಯಸ್ಸಿಗೇ ಕೈಗೆ ಹಚ್ಚಿಕೊಂಡವಳು. ಈಗ ನಲವತ್ತೇಳು. ವಸ್ತುಸಂಗ್ರಹಾಲಯಗಳಿಗೆ ಮಾದರಿ ಮಾಡಿಕೊಡುವುದು ಇಪ್ಪತ್ತು ವರ್ಷದ ಕೆಲಸ.

ಅವಳು ಬಂದಾಗ ಕೇಂದ್ರದಲ್ಲಿ ಇದ್ದದ್ದು ಬಿಸಿಲಿಗೆ ಬಿಳಿಚಿದ ಪಟಗಳು, ಹೊಟ್ಟು ತುಂಬಿ ನಿಲ್ಲಿಸಿದ್ದ, ಗೆದ್ದಲು ತಿಂದ ಒಂದು ಕಡಲಹಕ್ಕಿ, ಮತ್ತು ಲಾವಾ ಹರಿಯುವುದನ್ನು ತೋರಿಸಲು ಸಾಲಾಗಿ ಉರಿಯಬೇಕಿದ್ದ ಕೆಂಪು ಬಲ್ಬುಗಳು. ಬಲ್ಬುಗಳಲ್ಲಿ ಉರಿಯುತ್ತಿದ್ದದ್ದು ಮೂರು. ಅವನ್ನೆಲ್ಲ ಕಿತ್ತು ಹಾಕಿ ಅವಳು ನಡು ಅಂಕಣದಲ್ಲಿ ‘ಹರಿವಿನ ಮೇಜು’ ಕಟ್ಟಿದಳು. ಹನ್ನೆರಡು ಅಡಿ ಉದ್ದದ ಇಡೀ ಉರಿಕುರ್ವೆ. ತಗಡಿನ ಮೇಲೆ ಕಿಟ್ಟ ಮೆತ್ತಿ, ವೀಕ್ಷಣಾಲಯದವರು ಕೊಟ್ಟ ಹೊಸ ನೆಲನಕ್ಷೆಯಲ್ಲಿದ್ದ ಒಂದೊಂದು ಉಬ್ಬು, ಒಂದೊಂದು ಕೊರಕಲನ್ನೂ ಬೆರಳಲ್ಲಿ ಎತ್ತಿ, ಮೇಲೆ ಅರಗಿನ ಬಣ್ಣ ಕೊಟ್ಟಿದ್ದಳು. ತಗಡಿನ ಕೆಳಗೆ ಮೀನಿಗೆ ಹಾಕುವ ಮಂಜುಗಡ್ಡೆ ತುಂಬಿದ ತಟ್ಟೆ. ಬೆಟ್ಟದ ಬಾಯಿಂದ ಬಿಸಿ ಪಾಕ ಬಿಟ್ಟರೆ ಅದು ನಿಜವಾದ ಲಾವಾದ ಹಾಗೆಯೇ ಮೇಲೆ ಕೆನೆಗಟ್ಟುತ್ತಾ, ಒಳಗೆ ಹರಿಯುತ್ತಾ ಇಳಿಯಬೇಕು.

ಪಾಕದ ಹದ ಮಾತ್ರ ಅವಳಿಗೆ ಸಿಕ್ಕಿರಲಿಲ್ಲ. ಅದನ್ನು ಹಿಡಿದುಕೊಟ್ಟವಳು ದೇವಕಿ ಹರಿಕಂತ್ರ. ದೋಣಿ ನಿಲ್ಲುವ ಧಕ್ಕೆಯ ಬಳಿ ಚಹಾ, ಮೀನೂಟದ ಖಾನಾವಳಿ ಇಟ್ಟಿದ್ದ ಅರವತ್ತರ ಹೆಂಗಸು. ಕಸ್ತೂರಿ ಇದ್ದದ್ದು ಅವಳ ಮನೆಯ ಹಿಂದಿನ ಕೋಣೆಯಲ್ಲಿ.

“ಜೋನಿಬೆಲ್ಲ ಹಾಗೇ ಹೊಯ್ದರೆ ನೀರಾಗಿ ಓಡ್ತದೆ ತಂಗಿ,” ಎಂದಳು ದೇವಕಿ, ಒಲೆಯ ಮೇಲಿನ ನೀರುಬೆಲ್ಲದ ಪಾತ್ರೆಯಲ್ಲಿ ಸೌಟು ಆಡಿಸುತ್ತ. “ಉಂಡೆಪಾಕ ಆದರೆ ನಿಂತಲ್ಲೇ ನಿಂತುಬಿಡ್ತದೆ. ಎಳೆ ಬರುಕೆ ಶುರುವಾದಾಗ ಇಳಿಸಬೇಕು. ಇಗೋ, ಈಗ.”

ಆ ಹದದ ಪಾಕ ಮೊದಲ ದಿನವೇ ಕೆಲಸ ಮಾಡಿತು. ಬೆಟ್ಟದಿಂದ ಇಳಿದು, ಅರ್ಧ ಎತ್ತರಕ್ಕೆ ಬಂದು, ಎಡಕ್ಕೆ ಹೊರಳಿ, ಯಾರೂ ಇಲ್ಲದ ಪಡುವಣ ಕೊರಕಲಿಗೆ ಬಿದ್ದು, ಬಣ್ಣದ ಕಡಲು ಸೇರಿತು. ಗಡಿಯಾರದ ಲೆಕ್ಕ ಹೇಳಿದ್ದೂ ಅದೇ ದಾರಿ. ಲಾವಾ ಕೇಂದ್ರದ ಬೆನ್ನ ಹಿಂದೆ ಹಾದು ಕೊರಕಲಿಗೆ ಇಳಿಯುತ್ತದೆ. ಮೂಡಣಕ್ಕಿರುವ ಮೀನುಗಾರರ ಕೇರಿಯನ್ನು ನಡುವಿನ ಅಡ್ಡದಿಬ್ಬ ಕಾಯುತ್ತದೆ. ಜನ ಮೂರು ದಿನ ಹಡಗಿನಲ್ಲಿದ್ದು ವಾಪಸಾದರೆ ಸಾಕು. ಕೇಂದ್ರದ ವ್ಯವಸ್ಥಾಪಕ ವಿಠ್ಠಲ ಶಾನಭಾಗರು ಮೇಜಿನ ಸುತ್ತ ಎರಡು ಸುತ್ತು ಹಾಕಿ, “ಇಪ್ಪತ್ತೊಂದಕ್ಕೆ ಬಾಗಿಲು ತೆಗೀವಾ. ಹಿಂದೆ ನಿಜವಾದ ಲಾವಾ, ಒಳಗೆ ನಿಮ್ಮ ಲಾವಾ,” ಎಂದು ಕೈ ಉಜ್ಜಿಕೊಂಡರು.

ಮಾರ್ಚ್ ಐದರಂದು ಕಸ್ತೂರಿ ಮೇಜಿಗೆ ಮನೆಗಳನ್ನು ಕೂರಿಸಿದಳು. ನೆಲನಕ್ಷೆಯಂತೆ ಮಾಡಿದ ದ್ವೀಪ ಬೋಳುಬೋಳಾಗಿ ಕಾಣುತ್ತಿತ್ತು. ಬಂದವರು ಮೊದಲು ಹುಡುಕುವುದು ಮನೆಯನ್ನೇ ಎಂದು ಅವಳಿಗೆ ಗೊತ್ತು. ಹಗ್ಗ, ಟೇಪು ಹಿಡಿದು ಕೇರಿಯೆಲ್ಲ ಅಳೆದು, ಅಡ್ಡದಿಬ್ಬದ ಮೇಲಿನ ವೀಕ್ಷಣಾಲಯದವರ ಮೂರು ವಸತಿಗೃಹವೂ ಸೇರಿ ಬೆರಳುಗುರಿನಷ್ಟು ಗಾತ್ರದ ಅರವತ್ತೆರಡು ಮರದ ಮನೆ ಕೆತ್ತಿದ್ದಳು. ಅದರ ಜೊತೆಗೆ ಧಕ್ಕೆ, ಶಾಲೆ. ಕೊನೆಗೆ ಕೇಂದ್ರದ ಕಟ್ಟಡ. ಅದು ಕಂಬದಿಂದ ಕಂಬಕ್ಕೆ ಒಂದರಂತೆ ಒಂಬತ್ತು ಅಂಕಣದ ಉದ್ದನೆಯ ಕಟ್ಟಡ. ಚಂಡಮಾರುತ ಬಂದರೆ ಊರಿಗೆಲ್ಲ ಆಸರೆಯಾಗಲಿ ಎಂದು ಎರಡು ಮೊಳ ದಪ್ಪದ ಕಪ್ಪುಕಲ್ಲಿನ ಗೋಡೆ ಹಾಕಿ, ಎತ್ತರದ ಕಲ್ಲುಜಗುಲಿಯ ಮೇಲೆ ಕಟ್ಟಿದ್ದು. ಅದನ್ನು ಇಟ್ಟು ಅಂಟು ಆರಿದ ಮೇಲೆ ದೇವಕಿಯನ್ನು ಕರೆದಳು.

“ನಿಮ್ಮ ಮನಿ ಎಲ್ಲೈತಿ ನೋಡ್ರಿ ಅಕ್ಕಾ.”

ದೇವಕಿ ಬಗ್ಗಿ ಹುಡುಕಿ, ಧಕ್ಕೆಯಿಂದ ಮೂರನೆಯದನ್ನು ಮುಟ್ಟಿದಳು. ಆಮೇಲೆ ತಂದಿದ್ದ ಪಾಕವನ್ನು ತಾನೇ ಬೆಟ್ಟದ ಬಾಯಿಗೆ ಹೊಯ್ದಳು.

ಪಾಕ ಇಳಿಯಿತು. ಕೇಂದ್ರದ ಹಿಂದಿನ ಗೋಡೆಗೆ ಬಂದು ತಾಗಿತು. ಅಲ್ಲಿ ನಿಧಾನವಾಯಿತು. ನಿಧಾನವಾದ ಕೂಡಲೇ ಕೆನೆಗಟ್ಟಿತು. ಕೆನೆಯ ಹಿಂದೆ ಬಂದದ್ದು ಅದರ ಮೇಲೇರಿ ಅದೂ ಕೆನೆಗಟ್ಟಿತು. ನೋಡನೋಡುತ್ತ ಗೋಡೆಯ ಬೆನ್ನಿಗೆ ಒಂದು ಉಬ್ಬು ಎದ್ದು, ಪಾಕ ಎಡಕ್ಕೆ ಹೊರಳುವ ಬದಲು ಬಲಕ್ಕೆ ತುಂಬಿ, ಅಡ್ಡದಿಬ್ಬವನ್ನು ಹತ್ತಿ ಇಳಿದು, ಕೇರಿಯೊಳಗೆ ನುಗ್ಗಿತು. ಸಣ್ಣ ಮನೆಗಳು ಸಾಲಾಗಿ ಬೆಲ್ಲದೊಳಗೆ ಮುಳುಗಿದವು.

“ಪಾಕದ ಹದ ತಪ್ಪಿತಾ?” ಎಂದಳು ದೇವಕಿ.

“ಇಲ್ಲಕ್ಕಾ. ನಿನ್ನಿ ಪಾಕಾನ, ನಿನ್ನಿ ಗುಡ್ಡಾನ.” ಕಸ್ತೂರಿ ಕೇಂದ್ರದ ಮೇಲೆ ಬೆರಳಿಟ್ಟಳು. “ದಾರಿಗೆ ಅಡ್ಡ ಹೊಸಾದು ಅಂದ್ರ ಈ ಕಟ್ಟಡ ಒಂದ.”

ತೊಳೆದು ಮತ್ತೆ ಹೊಯ್ದರು. ಮತ್ತೆ ಬಲಕ್ಕೇ ಬಂತು. ಕೇಂದ್ರದ ಕಟ್ಟಡವನ್ನು ಚಾಣದಿಂದ ಎಬ್ಬಿಸಿ ತೆಗೆದು ಹೊಯ್ದರು, ಎಡಕ್ಕೆ ಹೋಯಿತು. ತಿರುಗಿ ಇಟ್ಟರೆ ಬಲಕ್ಕೆ. ಆರನೆಯ ಸಲ ಮುಗಿದಾಗ ಇಬ್ಬರ ಕೈಯೂ ಮೊಣಕೈವರೆಗೆ ಅಂಟಾಗಿತ್ತು. ಕೈ ತೊಳೆಯುವಷ್ಟೂ ತಡೆಯದೆ ಕಸ್ತೂರಿ ವೀಕ್ಷಣಾಲಯದ ದಾರಿ ಹಿಡಿದಳು.

ನಿಯಂತ್ರಣ ಕೊಠಡಿಯಲ್ಲಿ ಡಾಕ್ಟರ್ ನಸೀಮಾ ಕೋಲಾ ಹನ್ನೆರಡು ಪರದೆಗಳ ಮುಂದೆ ನಿಂತೇ ಅವಲಕ್ಕಿ ತಿನ್ನುತ್ತಿದ್ದಳು. ಭಟ್ಕಳದವಳು, ಗಡಿಯಾರದ ಮುಖ್ಯಸ್ಥೆ. ಕಸ್ತೂರಿಯ ಮಾತನ್ನು ಕೊನೆಯವರೆಗೆ ಕೇಳಿದಳು.

“ಕಸ್ತೂರಿ ಅವರೇ, ಬೆಲ್ಲ ಬೇರೆ, ಕರಗಿದ ಕಲ್ಲು ಬೇರೆ. ನಾವು ಇದನ್ನು ನಾಲ್ಕು ಸಾವಿರ ಸಲ ಲೆಕ್ಕ ಹಾಕಿದ್ದೇವೆ.”

“ಅದು ಖರೇ ಇರಬೇಕ್ರಿ ಮೇಡಂ. ಒಂದ ಕೇಳತೀನಿ. ನಿಮ್ಮ ಲೆಕ್ಕದಾಗ ಕೇಂದ್ರದ ಕಟ್ಟಡ ಐತೇನ್ರಿ?”

“ನೆಲನಕ್ಷೆಯಲ್ಲಿ ಎಲ್ಲವೂ...” ಎನ್ನುತ್ತಲೇ ನಸೀಮಾ ತಟ್ಟೆ ಕೆಳಗಿಟ್ಟಳು. ಪರದೆಯ ಮೇಲೆ ದ್ವೀಪವನ್ನು ಎಳೆದು ದೊಡ್ಡದು ಮಾಡಿದಳು. ಬೆಟ್ಟ, ಕೊರಕಲು, ಅಡ್ಡದಿಬ್ಬ ಎಲ್ಲ ಇತ್ತು. ಕೇಂದ್ರವಿರಬೇಕಾದಲ್ಲಿ ನುಣ್ಣನೆಯ ಇಳಿಜಾರು ಮಾತ್ರ ಇತ್ತು.

ವಿಮಾನದಿಂದ ಲೇಸರ್ ಬೆಳಕು ಬಿಟ್ಟು ನೆಲ ಅಳೆಯುವಾಗ ಮರದ ತಲೆ, ಮನೆಯ ಮಾಡು ಎಲ್ಲವೂ ಅಳತೆಗೆ ಸಿಗುತ್ತವೆ. ಬೇಕಾದದ್ದು ನೆಲವಾದ್ದರಿಂದ ಅವನ್ನೆಲ್ಲ ಯಂತ್ರ ತಾನೇ ಗುರುತಿಸಿ ಅಳಿಸಿಹಾಕುತ್ತದೆ. ಎಲ್ಲ ಕಡೆಯೂ ಹಾಗೇ ಮಾಡುವುದು. ಹಂಚಿನ ಮನೆ ಲಾವಾವನ್ನು ತಡೆಯುವುದಿಲ್ಲ, ಹಾಗಾಗಿ ಲೆಕ್ಕಕ್ಕೆ ತೊಂದರೆಯೂ ಇಲ್ಲ. ಆದರೆ ಎರಡು ಮೊಳ ದಪ್ಪದ ಗೋಡೆಯನ್ನು, ಅದರಡಿಯ ಜಗುಲಿಯನ್ನು ಕೂಡ ಯಂತ್ರ ಮನೆಯೆಂದೇ ಅಳಿಸಿತ್ತು. ಲಾವಾ ಹಾಯಬೇಕಾದ ದಾರಿಯ ಅರ್ಧ ಅಗಲವನ್ನು ಆ ಕಟ್ಟಡ ತಿಂದುಕೊಂಡು ನಿಂತದ್ದು ಹನ್ನೊಂದು ವರ್ಷದಲ್ಲಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ನಸೀಮಾ ದಿನಾ ಅದರ ಮುಂದೆಯೇ ನಡೆದು ಬರುತ್ತಿದ್ದಳು.

“ಕಟ್ಟಡ ಸೇರಿಸಿ ಮೊದಲಿಂದ ಓಡಿಸಬೇಕು,” ಎಂದಳು ಅವಳು. ಧ್ವನಿ ತುಸು ಏರಿತ್ತು. “ಇಪ್ಪತ್ತು ಗಂಟೆ ಬೇಕು. ನಿಮ್ಮ ಕಟ್ಟಡದ ಅಳತೆ ಕೊಡಿ. ನನ್ನ ಹತ್ತಿರ ಇಲ್ಲ.”

ಕಸ್ತೂರಿ ಸೆರಗಿಗೆ ಕೈ ಒರೆಸಿಕೊಂಡು, ಚೀಲದಿಂದ ತನ್ನ ಅಳತೆಯ ಪುಸ್ತಕ ತೆಗೆದು ಕೊಟ್ಟಳು.

ಮಾರನೆಯ ಮಧ್ಯಾಹ್ನ ದೇವಕಿಯ ಮನೆಯಲ್ಲಿ ಊಟಕ್ಕೆ ಕೂತಾಗ ನಸೀಮಾ ತಾನೇ ಇಳಿದು ಬಂದಳು. ಬಾಗಿಲಲ್ಲೇ ನಿಂತು, “ಹತ್ತರಲ್ಲಿ ಎಂಟು ಸಲ ಈ ಕಡೆಗೇ ಬರುತ್ತದೆ,” ಎಂದಳು.

ದೇವಕಿ ಬಡಿಸುತ್ತಿದ್ದ ಸೌಟನ್ನು ಹಾಗೇ ಹಿಡಿದುಕೊಂಡಳು. “ಒಂದು ಊರು ಕಡಲಿಗೆ ಕೊಟ್ಟು ಬಂದೆವು,” ಎಂದಳು ಮೆಲ್ಲಗೆ. “ಆಗ ನಂಗೆ ಮೂವತ್ತು. ಮಾಡಿನ ಹಂಚು ನೀರಲ್ಲಿ ಕಾಣ್ತಿತ್ತು, ಮುಟ್ಟುಕೆ ಆಗ್ತಿರಲಿಲ್ಲ. ಇದನ್ನೂ ಕೊಡುಕೆ ನಂಗೆ ಮನಸ್ಸಿಲ್ಲ. ಎಂತ ಮಾಡಬೇಕು ಹೇಳಿ.”

“ಕಟ್ಟಡ ಅಲ್ಲಿ ಇರಬಾರದು,” ಎಂದಳು ನಸೀಮಾ.

ಶಾನಭಾಗರಿಗೆ ಮೂವರೂ ಹೋಗಿ ಇದನ್ನು ಹೇಳಿದ್ದು ಪ್ರದರ್ಶನಾಲಯದಲ್ಲಿ, ಹೊಸ ಬಣ್ಣದ ವಾಸನೆಯ ನಡುವೆ. ಮೊದಲು ನಕ್ಕರು. ಆಮೇಲೆ ಸಿಟ್ಟಾದರು. ಆ ಕಟ್ಟಡದ ಒಂದೊಂದು ಕಲ್ಲನ್ನೂ ಅವರು ನಿಂತು ಕಟ್ಟಿಸಿದ್ದರು. ಎರಡು ಚಂಡಮಾರುತಗಳಲ್ಲಿ ಇಡೀ ಊರು ಅದರೊಳಗೆ ಮಲಗಿ ಎದ್ದು ಹೋಗಿತ್ತು.

“ಬೆಲ್ಲದ ನೀರು ಬಲಕ್ಕೆ ಹರಿಯಿತು ಅಂತ ನಾನು ಇದನ್ನು ಒಡೀಬೇಕಾ?”

ಕಸ್ತೂರಿ ಕಟ್ಟಡವನ್ನು ಮೇಜಿನ ಮೇಲೆ ಅದರ ಜಾಗದಲ್ಲಿ ಕೂರಿಸಿದಳು, ದೇವಕಿ ಪಾಕ ಹೊಯ್ದಳು. ಶಾನಭಾಗರು ಕನ್ನಡಕ ತೆಗೆದು, ಹಾಕಿ, ಮತ್ತೆ ಹೊಯ್ಯಿ ಎಂದರು. ಮೂರನೆಯ ಸಲ ಪಾಕ ಕೇರಿಯನ್ನು ಮುಟ್ಟುವ ಮೊದಲೇ ಅವರು ಮುಖ ತಿರುಗಿಸಿದರು.

“ಇಡೀ ಕಟ್ಟಡ ಕೆಡವುಕೆ ಹತ್ತು ದಿನ ಸಾಲುವುದಿಲ್ಲ,” ಎಂದರು ಕೊನೆಗೆ. “ಇರೋದು ಒಂದೇ ಜೆಸಿಬಿ. ಆದರೆ ಗೋಡೆಯಲ್ಲಿ ಬಾಗಿಲು ತೆಗೆದರೆ? ಒಳಗೇ ಹಾದು ಹೋಗಲಿ.”

ಕಸ್ತೂರಿ ಮೇಜಿಗೆ ಬಗ್ಗಿದಳು. ಮರದ ಕಟ್ಟಡವನ್ನು ತೆಗೆದು, ಹಿಂದಿನ ಗೋಡೆ ಮುಂದಿನ ಗೋಡೆ ಎರಡಕ್ಕೂ ಚಾಣ ಇಟ್ಟು ಒಂದು ಅಂಕಣ ತೆರೆದಳು. ಪಾಕ ಬಂದು ಒಳಗೆ ಹೊಕ್ಕಿತು, ಎರಡು ಬೆರಳು ಹೋಯಿತು, ಕಟ್ಟಿಕೊಂಡಿತು.

“ಬಾಯಿ ಸಣ್ಣದಾಯ್ತು,” ಎಂದಳು ದೇವಕಿ. “ಸಣ್ಣ ಬಾಯಲ್ಲಿ ಕೆನೆ ಸಿಕ್ಕಿಕೊಳ್ತದೆ.”

ಮೂರು ಅಂಕಣ ತೆರೆದರು, ಆಗಲಿಲ್ಲ. ಐದು ತೆರೆದರು. ಐದರಲ್ಲಿ ಅರ್ಧ ಹಾದು ಅರ್ಧ ಬಲಕ್ಕೆ ಹೋಯಿತು. ದೇವಕಿ ಮೇಜಿನ ಮಟ್ಟಕ್ಕೆ ಕಣ್ಣಿಟ್ಟು ನೋಡಿ, “ಹೊಸ್ತಿಲು ತಡೀತಾ ಇದೆ ತಂಗಿ. ಅದನ್ನ ತೆಗಿ,” ಎಂದಳು. ಕಸ್ತೂರಿ ಜಗುಲಿಯನ್ನು ಇಳಿಜಾರಾಗಿ ಕೆತ್ತಿದಳು. ನಸೀಮಾ ಪ್ರತಿ ಸಲವೂ ಅಳತೆ ಬರೆದುಕೊಂಡು ಫೋನಿನಲ್ಲಿ ಕೊಠಡಿಗೆ ಹೇಳುತ್ತಿದ್ದಳು, ಈಗ ಆ ಒಂದು ಜಾಗದ ಲೆಕ್ಕ ಮಾತ್ರ ಬೇಕಾದ್ದರಿಂದ ಅಲ್ಲಿಂದ ಯಂತ್ರದ ಉತ್ತರ ಬೇಗನೆ ಬರುತ್ತಿತ್ತು. ಇಪ್ಪತ್ತೇಳನೆಯ ಸಲ ಏಳು ಅಂಕಣ ತೆರೆದು, ಹೊಸ್ತಿಲಿಲ್ಲದ ಇಳಿಜಾರು ನೆಲದ ಮೇಲೆ ಪಾಕ ಬಿಟ್ಟಾಗ, ಅದು ಎಲ್ಲೂ ನಿಲ್ಲದೆ ಕಟ್ಟಡವನ್ನು ಹಾದು ಕೊರಕಲಿಗೆ ಬಿದ್ದಿತು. ನಾಲ್ವರೂ ಮೇಜಿನ ಸುತ್ತ ಬಗ್ಗಿ ನಿಂತಿದ್ದರು. ನಸೀಮಾಳ ಕಿವಿಯಲ್ಲಿದ್ದ ಫೋನು ಏನೋ ಹೇಳಿತು.

“ಹತ್ತರಲ್ಲಿ ಒಂಬತ್ತು,” ಎಂದಳು ಅವಳು. “ಆ ಒಂದರಲ್ಲೂ ದಿಬ್ಬದ ಮೇಲೆ ಸ್ವಲ್ಪ ಚೆಲ್ಲಬಹುದು, ಅಷ್ಟೇ.”

ಎಂಟನೇ ತಾರೀಖು ಬೆಳಗಾಗುವಷ್ಟರಲ್ಲಿ ಇಡೀ ಕೇರಿ ಹಾರೆ, ಸಮ್ಮಟಿಗೆ ಹಿಡಿದು ಬೆಟ್ಟ ಹತ್ತಿತು. ಮೊದಲ ಪೆಟ್ಟು ಹಾಕಿದ್ದು ಶಾನಭಾಗರೇ. ಕಲ್ಲು ಕದಲಲಿಲ್ಲ. “ಚೆನ್ನಾಗಿ ಕಟ್ಟಿಸಿದ್ದೇನೆ,” ಎಂದು ಅವರು ಅಂದಾಗ ಬಲೆ ಎಳೆಯುವ ಗಂಡಸರೆಲ್ಲ ನಕ್ಕರು. ಅಂಗಿ ಬಿಚ್ಚಿಟ್ಟು ಕೆಲಸಕ್ಕೆ ಇಳಿದರು. ಬಲೆ ಎಳೆಯುವ ಹಾಡು ಹೇಳಿಕೊಂಡೇ ಕಲ್ಲು ಎಳೆದರು. ಜೆಸಿಬಿ ಗೋಡೆ ಅಲ್ಲಾಡಿಸುವುದು, ಜನ ಕಲ್ಲು ಹೊರುವುದು, ಹೊತ್ತ ಕಲ್ಲನ್ನೆಲ್ಲ ಅಡ್ಡದಿಬ್ಬದ ಮೇಲೆ ಒಟ್ಟಿ ಅದನ್ನು ಇನ್ನಷ್ಟು ಎತ್ತರ ಮಾಡುವುದು. ದೇವಕಿಯ ಖಾನಾವಳಿ ಬೆಟ್ಟದ ಮೇಲಕ್ಕೇ ಬಂತು. ಗಂಜಿ, ಒಣಮೀನು, ಬೆಲ್ಲದ ಚಹಾ.

ಕಸ್ತೂರಿ ತಾನು ಮೂರು ತಿಂಗಳು ಮಾಡಿದ್ದನ್ನು ತಾನೇ ಬಿಚ್ಚಿದಳು. ಗೋಡೆಯ ಉಬ್ಬುಚಿತ್ರಗಳನ್ನು ಚೌಕಟ್ಟು ಸಮೇತ ಇಳಿಸಿ ಕೇರಿಯ ಶಾಲೆಗೆ ಸಾಗಿಸಿದಳು. ಮೇಜನ್ನು ನಾಲ್ಕು ತುಂಡು ಮಾಡಿ ದೋಣಿಮನೆಯಲ್ಲಿ ಇಡಿಸಿದಳು. ನಡು ಅಂಕಣದ ನೆಲದಲ್ಲಿ ಭೂಮಿಯ ಒಡಲನ್ನು ಸೀಳಿ ತೋರಿಸುವ ದೊಡ್ಡ ವರ್ತುಲವೊಂದನ್ನು ಅವಳು ಕೂರಿಸಿದ್ದಳು. ಅದು ನೆಲಕ್ಕೇ ಬೆಸೆದ ಕೆಲಸ. ಅದನ್ನು ಒಡೆಯಲು ಬಂದವರು ಅವಳ ಮುಖ ನೋಡಿ ನಿಂತರು. “ಯಾಕ ನಿಂತ್ರಿ? ನೆಲ ಇಳಿಜಾರ ಆಗಬೇಕಲ್ಲ,” ಎಂದು ಅವಳೇ ಹಾರೆ ತೆಗೆದುಕೊಂಡಳು. ಮೊದಲ ಎರಡು ಪೆಟ್ಟು ಓರೆಯಾಗಿ ಬಿದ್ದವು. ಆಮೇಲೆ ಕೈಗೆ ಲಯ ಸಿಕ್ಕಿತು. ಇಷ್ಟು ದೊಡ್ಡ ಮಾದರಿಯನ್ನು ಅವಳು ಯಾವತ್ತೂ ಕೆತ್ತಿರಲಿಲ್ಲ.

ಹದಿನೈದರ ಸಂಜೆ ಏಳನೆಯ ಅಂಕಣ ತೆರೆಯಿತು. ಬೆಟ್ಟದಿಂದ ನೋಡಿದರೆ ಕಟ್ಟಡದೊಳಗಿಂದ ಕಡಲು ಕಾಣಿಸುತ್ತಿತ್ತು.

ಹದಿನೇಳರ ಬೆಳಿಗ್ಗೆ ಎಲ್ಲರೂ ಹಡಗಿನ ಅಟ್ಟದ ಮೇಲಿದ್ದರು, ದಡದಿಂದ ನಾಲ್ಕು ಮೈಲು ದೂರ. ಒಂಬತ್ತು ಗಂಟೆಗೆ ಜನ ಬೆಟ್ಟದ ಕಡೆಯ ಅಂಚಿಗೆ ಬಂದರು. ಒಂಬತ್ತು ಹದಿನೆಂಟಕ್ಕೆ ಕಡಲ ಮೇಲ್ಮೈಯಲ್ಲಿ ಸಣ್ಣ ನಡುಕ ಓಡಿ ಬಂತು. ಬೆಟ್ಟದ ತಲೆ ಕೆಂಪಾಯಿತು, ಕೆಂಪು ಎದ್ದು ನಿಂತಿತು, ಆಮೇಲೆ ಸದ್ದು ಬಂತು. ಸದ್ದು ಕಿವಿಗಿಂತ ಮೊದಲು ಕಾಲಿಗೆ ತಿಳಿಯಿತು. ಮಕ್ಕಳು ಕೇಕೆ ಹಾಕಿದರು. ನಸೀಮಾ ಕೈಗಡಿಯಾರ ನೋಡಿಕೊಂಡು, “ಎರಡು ನಿಮಿಷ ಬೇಗ,” ಎಂದು ಗೊಣಗಿದಳು, ಯಾರೋ ಬೈದಂತೆ.

“ಇನ್ನ ಮುಂದಿಂದು ಗಡಿಯಾರಕ್ಕ ಗೊತ್ತಿಲ್ಲ ಹೌದಲ್ರಿ?” ಎಂದಳು ಕಸ್ತೂರಿ.

“ಇಲ್ಲ. ಇನ್ನು ನಿಮಗೆ ನನಗೆ ಗೊತ್ತಿದ್ದಷ್ಟೇ.”

ಲಾವಾ ಕೇಂದ್ರದ ಹತ್ತಿರ ಬಂದಾಗ ಹನ್ನೆರಡು ದಾಟಿತ್ತು. ದುರ್ಬೀನು ಕಸ್ತೂರಿಯ ಕೈಯಲ್ಲಿತ್ತು. ಕಪ್ಪು ತೊಗಟೆ ಹೊತ್ತ ಕೆಂಪು ನಾಲಿಗೆ ಗೋಡೆಯ ಹಿಂದೆ ಬಂದು ನಿಂತಂತಾಯಿತು. ಅವಳು ಎಣಿಸಿದಳು, ಒಂದು, ಎರಡು, ಮೂರು. ಅಂಕಣಗಳ ಬಾಯಲ್ಲಿ ಬೆಳಕು ಹತ್ತಿತು. ದೀಪಾವಳಿಗೆ ಮನೆಯವರು ಒಂದೊಂದೇ ಗೂಡಿನಲ್ಲಿ ಹಣತೆ ಇಟ್ಟುಕೊಂಡು ಹೋದ ಹಾಗೆ ನಾಲ್ಕು, ಐದು, ಆರು, ಏಳೂ ಬೆಳಗಿದವು. ಒಳಗೆ ತುಂಬಿತು. ಮಾಡು ಕುಸಿಯಿತು. ಅದು ಕುಸಿದದ್ದೇ ಮುಂದಿನ ಗೋಡೆಯ ತೆರವುಗಳಿಂದ ಬೆಂಕಿ ಹೊರಗೆ ಬಿದ್ದು, ಕೊರಕಲಿಗೆ ಇಳಿದು, ಓಡಿತು.

“ಹೊಂಟತು,” ಎಂದಳು ಕಸ್ತೂರಿ. ಇನ್ನೊಮ್ಮೆ ಜೋರಾಗಿ ಹೇಳಿದಳು. ಶಾನಭಾಗರು ಅವಳ ಕೈಯಿಂದ ದುರ್ಬೀನು ಕಸಿದುಕೊಂಡು ನೋಡಿದರು. ಅವರ ಕಣ್ಣಿಂದ ನೀರು ಇಳಿಯುತ್ತಿತ್ತು, ಬಾಯಿ ಮಾತ್ರ ನಗುತ್ತಿತ್ತು.

ಲಾವಾ ಕಡಲು ಮುಟ್ಟಿದಾಗ ಎದ್ದ ಹಬೆ ಇಡೀ ದ್ವೀಪವನ್ನು ಮುಚ್ಚಿತು. ಎರಡು ಗಂಟೆ ಏನೂ ಕಾಣಲಿಲ್ಲ. ದಿಬ್ಬ ಏನಾಯಿತು, ಕೇರಿ ಏನಾಯಿತು, ಹೇಳುವವರಿಲ್ಲ. ಜನ ಹಡಗಿನ ಅಂಚಿನ ಕಟಾಂಜನದ ಸರಳು ಹಿಡಿದು ಬಿಳಿಯ ಗೋಡೆಯನ್ನು ನೋಡುತ್ತ ನಿಂತರು. ಯಾರಿಗೂ ಊಟ ಬೇಕಾಗಲಿಲ್ಲ.

ಮೂರೂವರೆಗೆ ಕಡಲಗಾಳಿ ತಿರುಗಿತು. ಹಬೆ ಮೂಡಣ ತುದಿಯಿಂದ ಹರಿಯತೊಡಗಿತು. ಮೊದಲು ಧಕ್ಕೆ ಕಂಡಿತು. ಆಮೇಲೆ ಒಂದು ಮಾಡು.

ದೇವಕಿ ಬೆರಳು ಚಾಚಿ ಗಟ್ಟಿಯಾಗಿ ಎಣಿಸಲು ಶುರು ಮಾಡಿದಳು. ಒಂದು, ಎರಡು, ಮೂರು. ಮೂರನೆಯದು ಅವಳದೇ. ಅಲ್ಲಿ ಅವಳು ನಿಲ್ಲಲಿಲ್ಲ. ಹತ್ತಕ್ಕೆ ಪಕ್ಕದವರು ದನಿಗೂಡಿಸಿದರು, ಇಪ್ಪತ್ತಕ್ಕೆ ಅಟ್ಟದ ಮೇಲಿದ್ದವರೆಲ್ಲ ಎಣಿಸುತ್ತಿದ್ದರು. ನಲವತ್ತು. ಐವತ್ತು. ಐವತ್ತೊಂಬತ್ತಕ್ಕೆ ಎಣಿಕೆ ನಿಂತಿತು. ಹಬೆ ಪೂರ್ತಿ ಸರಿದಿತ್ತು. ಇನ್ನು ಮಾಡು ಕಾಣಲಿಲ್ಲ.

“ಮೂರು ಇಲ್ಲ,” ಎಂದಳು ದೇವಕಿ. “ಯಾರದ್ದು ಅದು?”

ಎಲ್ಲರೂ ತಮ್ಮ ತಮ್ಮ ಮನೆ ಹುಡುಕಿಕೊಳ್ಳುತ್ತಿದ್ದರು. ಇತ್ತು, ಇತ್ತು ಎಂಬ ಮಾತು ಅಟ್ಟದ ತುಂಬ ಓಡಾಡಿತು. ಆಗ ನಸೀಮಾ ದಿಬ್ಬದ ಮೇಲೆ ಚೆಲ್ಲಿದ್ದ ಕಪ್ಪನ್ನು ತೋರಿಸಿದಳು. ಒಟ್ಟಿದ್ದ ಕಲ್ಲಿನ ಈಚೆಗೆ ಒಂದಿಷ್ಟು ಲಾವಾ ಉಕ್ಕಿ ಅಲ್ಲೇ ಹೆಪ್ಪಾಗಿತ್ತು. ದಿಬ್ಬದ ಮೇಲೆ ಸಾಲಾಗಿದ್ದದ್ದು ವೀಕ್ಷಣಾಲಯದವರ ಮೂರು ವಸತಿಗೃಹ.

“ನಮ್ಮದು,” ಎಂದಳು ನಸೀಮಾ. “ನಡುವಿನದು ನಂದು.” ಅಂದು, ತಡೆಯಲಾರದೆ ನಗತೊಡಗಿದಳು. “ಲೆಕ್ಕದಲ್ಲಿ ಇತ್ತು ಅದು. ಹತ್ತರಲ್ಲಿ ಒಂದು.”

ದೇವಕಿ ಹಲಗೆಯ ಮೇಲೆ ಸರಿದು ಕೂತು ಜಾಗ ಮಾಡಿದಳು.

“ಹಿಂದಿನ ಕೋಣೆ ದೊಡ್ಡದಿದೆ,” ಎಂದಳು. “ಕಸ್ತೂರಿ ಒಬ್ಬಳೇ ಇರ್ತಾಳೆ. ಬಂದು ಮಲಕೊಳ್ಳುಕೆ ನಿಂಗೆ ಯಾರ ಅಪ್ಪಣೆ ಬೇಕು?”